ಕನ್ನಡದ ವರ್ಡ್ ಕಡತ ಪಿಡಿಎಫ್ ಆದ ಮೇಲೆ ನೋಡಲು ಸರಿಯಿದೆ, ಹುಡುಕಿದರೆ ಪದ ಸಿಗುತ್ತಿಲ್ಲ

ಬಸವನಗುಡಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಕನ್ನಡ ಅಧ್ಯಾಪಕ. ನಮ್ಮ ಬಡಾವಣೆಯ ಸಂಘವು ರಾಜ್ಯೋತ್ಸವಕ್ಕೆ ತರುವ ಸ್ಮರಣ ಸಂಚಿಕೆಯ ಸಂಪಾದನೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಒಟ್ಟು 22 ಲೇಖನಗಳು, 48 ಪುಟಗಳು. ಹಿರಿಯರಲ್ಲಿ ಹೆಚ್ಚಿನವರು ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿ ಕೊಟ್ಟರು, ಇಬ್ಬರು ಬರಹ ಎಂಬ ಅಂಥದೇ ಇನ್ನೊಂದು ತಂತ್ರಾಂಶದಲ್ಲಿ ಬರೆದರು, ಕಿರಿಯರು ಮೊಬೈಲಿನಲ್ಲೇ ಬರೆದು ಕಳುಹಿಸಿದರು. ಎಲ್ಲವನ್ನೂ ನಾನು ಒಂದೇ ವರ್ಡ್ ಕಡತಕ್ಕೆ ತಂದು, ಶೀರ್ಷಿಕೆಗಳನ್ನು ದಪ್ಪ ಮಾಡಿ, ಪರಿವಿಡಿ ಸೇರಿಸಿದೆ.

ಮೊದಲು ಆ ವರ್ಡ್ ಕಡತವನ್ನೇ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಒಬ್ಬರ ಫೋನಿನಲ್ಲಿ ಅರ್ಧ ಸಂಚಿಕೆ ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ರಾಶಿಯಾಗಿ ತೆರೆದುಕೊಂಡಿತು. ಇನ್ನೊಬ್ಬರಲ್ಲಿ ಕನ್ನಡವೇ ಕಾಣಿಸಿದರೂ 48 ಪುಟ 53 ಆಗಿ, ಪರಿವಿಡಿಯ ಪುಟಸಂಖ್ಯೆಗಳೆಲ್ಲ ಸುಳ್ಳಾದವು. ಮನೆಯ ಹತ್ತಿರದ ಅಂಗಡಿಯೊಂದರಲ್ಲಿ ಅದನ್ನು ಪಿಡಿಎಫ್ ಮಾಡಿಸಿದ ಮೇಲೆ ಎಲ್ಲರ ಫೋನಿನಲ್ಲೂ ಒಂದೇ ರೀತಿ ಕಂಡಿತು, ನಾನೂ ನಿಶ್ಚಿಂತನಾದೆ. ಆದರೆ ಮಾರನೆಯ ದಿನ ಕಾರ್ಯದರ್ಶಿಗಳು ‘ಕಾರ್ಯಕ್ರಮ’ ಎಂಬ ಪದವನ್ನು ಹುಡುಕಿದರೆ ಒಂದು ಕಡೆಯೂ ಸಿಗಲಿಲ್ಲ. ಒಂದು ಸಾಲನ್ನು ನಕಲಿಸಿ ಅಂಟಿಸಿ ನೋಡಿದಾಗ ಕೆಲವು ಲೇಖನಗಳಲ್ಲಿ ಅದು ‘ಕಾಯರ್ಕ್ರಮ’ ಎಂದು ಬರುತ್ತದೆ; ಉಳಿದವುಗಳಲ್ಲಿ ಮತ್ತೆ ಅದೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಣ್ಣಿಗೆ ಇಷ್ಟು ಚೆನ್ನಾಗಿ ಕಾಣುವ ಪುಟದ ಒಳಗೆ ಹೀಗೇಕೆ? ದೋಷ ಪಿಡಿಎಫ್‌ನದೋ, ಫಾಂಟಿನದೋ, ನನ್ನದೋ?

ಹನುಮಂತನಗರ ಟೈಪಿಂಗ್

ಸರ್, ನಾನು ಬೆರಳಚ್ಚು ಮತ್ತು ಜೆರಾಕ್ಸ್ ಅಂಗಡಿ ನಡೆಸುವವನು. ದಿನವೂ ಅರ್ಜಿ, ಕರಾರುಪತ್ರ, ಬಯೋಡೇಟಾಗಳನ್ನು ಪಿಡಿಎಫ್ ಮಾಡಿ ಕೊಡುತ್ತೇನೆ. ಪ್ರಿಂಟ್ ಒತ್ತಿ, ಪ್ರಿಂಟರ್ ಪಟ್ಟಿಯಲ್ಲಿ ಪಿಡಿಎಫ್ ಆರಿಸಿದರೆ ಮುಗಿಯಿತು. ಪುಟ ಸರಿಯಾಗಿ ಕಾಣುತ್ತಿದ್ದರೆ ಅದರೊಳಗೆ ಏನಿದೆ ಎಂದು ಯಾರು ನೋಡುತ್ತಾರೆ? ಸಂಚಿಕೆಯನ್ನು ಓದುವವರೇ ಕಡಿಮೆ, ಹುಡುಕುವವರು ಎಷ್ಟು ಜನ?

ಜಯನಗರ ಲಿಬ್ರೆ

ಮೇಷ್ಟ್ರೇ, ನೀವು ಹೇಳಿದ ಎರಡು ಲಕ್ಷಣಗಳು ಎರಡು ಬೇರೆ ರೋಗಗಳವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವರ್ಡ್ ಕಡತವೆಂದರೆ ಪುಟದ ಚಿತ್ರವಲ್ಲ, ಪುಟ ಕಟ್ಟುವುದಕ್ಕೆ ಬೇಕಾದ ಸೂಚನೆಗಳ ಕಟ್ಟು. ಈ ವಾಕ್ಯ ಇಂಥ ಫಾಂಟಿನಲ್ಲಿ, ಇಷ್ಟು ಗಾತ್ರದಲ್ಲಿ, ಅಂಚಿನಿಂದ ಇಷ್ಟು ದೂರದಲ್ಲಿ ಇರಲಿ ಎಂದು ಅದು ಹೇಳುತ್ತದೆ. ಸಾಲನ್ನು ಎಲ್ಲಿ ಮುರಿಯಬೇಕೆಂದು ತೆರೆಯುವ ಯಂತ್ರವೇ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ನಾವು ಬೇರೆಯಾಗಿ ಹೇಳದಿದ್ದರೆ ಫಾಂಟು ಕಡತದ ಜೊತೆ ಹೋಗುವುದಿಲ್ಲ. ನಿಮ್ಮ ವಿಂಡೋಸ್‌ನಲ್ಲಿದ್ದ ತುಂಗಾ ಅಥವಾ ನಿರ್ಮಲಾ ಫಾಂಟು ಆ ಆಂಡ್ರಾಯ್ಡ್ ಫೋನಿನಲ್ಲಿಲ್ಲ, ಅದು ತನ್ನಲ್ಲಿದ್ದ ನೋಟೋ ಕನ್ನಡವನ್ನು ಹಾಕಿಕೊಂಡಿತು, ಅಕ್ಷರದ ಅಗಲ ಬದಲಾಯಿತು, ಸಾಲುಗಳು ಜಾರಿದವು, ಐದು ಪುಟ ಹೆಚ್ಚಾಯಿತು.

ಈ ತೊಂದರೆಯನ್ನು ನೀಗಿಸಲೆಂದೇ ಪಿಡಿಎಫ್ ಹುಟ್ಟಿದ್ದು. ಅಡೋಬಿ ಎಂಬ ತಂತ್ರಾಂಶ ಕಂಪನಿಯ ಸಹಸಂಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಹೆಸರಿನಲ್ಲಿ ಈ ಆಲೋಚನೆಯನ್ನು ಬರೆದಿಟ್ಟರು, 1993ರಲ್ಲಿ ಮೊದಲ ಆವೃತ್ತಿ ಬಂದಿತು, 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪಿಡಿಎಫ್‌ನಲ್ಲಿ ಸಾಲು ಮುರಿಯುವ ಲೆಕ್ಕ ಮುಗಿದುಹೋಗಿರುತ್ತದೆ. ಇಂಥ ಅಕ್ಷರರೂಪವನ್ನು ಪುಟದ ಇಂಥ ಬಿಂದುವಿನಲ್ಲಿ ಇಡು ಎಂಬ ಆಜ್ಞೆಗಳೂ, ಆ ರೂಪಗಳನ್ನು ಬಿಡಿಸಲು ಬೇಕಾದಷ್ಟು ಫಾಂಟಿನ ಭಾಗವೂ ಕಡತದೊಳಗೇ ಕುಳಿತಿರುತ್ತವೆ. ಆದ್ದರಿಂದಲೇ ನಿಮ್ಮ ಸದಸ್ಯರೆಲ್ಲರಿಗೂ ಒಂದೇ ಪುಟ ಕಂಡದ್ದು.

ಈಗ ರೋಗಗಳಿಗೆ ಬರೋಣ. ನುಡಿಯ ಹಳೆಯ ಫಾಂಟುಗಳು, ಅಂದರೆ ನಾವು ರೂಢಿಯಲ್ಲಿ ಆಸ್ಕಿ ಎನ್ನುವಂಥವು, ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಅದರಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷಿನ ದೊಡ್ಡ ‘ಪಿ’ಯಿಂದ ಆರಂಭವಾಗುತ್ತದೆ, ‘ನ’ಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ ಇರುತ್ತದೆ. ಫಾಂಟು ಎಂಬ ಮುಖವಾಡ ಇರುವ ತನಕ ಕನ್ನಡ. ಪಿಡಿಎಫ್ ಆ ಮುಖವಾಡವನ್ನೂ ಹೊತ್ತೊಯ್ಯುವುದರಿಂದ ನೋಡಲು ಸರಿಯಾಗಿರುತ್ತದೆ, ನಕಲಿಸಿದ ಕೂಡಲೇ ಮುಖವಾಡ ಕಳಚುತ್ತದೆ. ಯಾವ ಪಿಡಿಎಫ್ ತಂತ್ರಾಂಶದಿಂದ ಮಾಡಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಮೂಲದಲ್ಲೇ ಕನ್ನಡವಿಲ್ಲ. ಪಠ್ಯವನ್ನು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

‘ಕಾಯರ್ಕ್ರಮ’ ಎರಡನೆಯ ರೋಗ, ಮತ್ತು ಇದು ಯೂನಿಕೋಡ್‌ನಲ್ಲಿ ಬರೆದ ಲೇಖನಗಳಿಗೇ ಬರುವಂಥದ್ದು. ಯೂನಿಕೋಡ್ ನಾವು ಉಚ್ಚರಿಸುವ ಕ್ರಮದಲ್ಲಿ ಅಕ್ಷರಗಳನ್ನು ಇಡುತ್ತದೆ: ‘ಕಾರ್ಯ’ದಲ್ಲಿ ಮೊದಲು ರಕಾರ, ಆಮೇಲೆ ಯಕಾರ. ಬರವಣಿಗೆಯಲ್ಲಿ ಮಾತ್ರ ಯಕಾರ ಮೊದಲು ಬಂದು ಅರ್ಕಾವತ್ತು ಅದರ ಬಲಕ್ಕೆ ಕೂರುತ್ತದೆ. ಪಿಡಿಎಫ್ ಬಿಡಿಸುವುದು ಕಾಣುವ ಕ್ರಮದಲ್ಲಿ. ಪ್ರತಿ ಅಕ್ಷರರೂಪಕ್ಕೂ ಅದು ಯಾವ ಯೂನಿಕೋಡ್ ಅಕ್ಷರ ಎಂದು ಹೇಳುವ ಒಂದು ಪಟ್ಟಿ ಕಡತದೊಳಗೆ ಇರುತ್ತದೆ ನಿಜ, ಆದರೆ ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ ‘ಕಾ’, ‘ಯ’, ‘ರ್’, ‘ಕ್ರ’, ‘ಮ’ ಎಂದೇ ಬರುತ್ತದೆ. ಇಂಗ್ಲಿಷಿನಲ್ಲಿ ಕಾಣುವ ಕ್ರಮವೂ ಬರೆಯುವ ಕ್ರಮವೂ ಒಂದೇ ಆದ್ದರಿಂದ ಅವರಿಗೆ ಈ ತಾಪತ್ರಯವಿಲ್ಲ. ಇದಕ್ಕೆ ಪರಿಹಾರವಾಗಿ, ಈ ರೂಪಗಳ ಗುಂಪಿನ ನಿಜವಾದ ಪಠ್ಯ ಇಂಥದ್ದು ಎಂದು ಪಕ್ಕದಲ್ಲೇ ಬರೆದಿಡುವ ಸೌಲಭ್ಯ ಪಿಡಿಎಫ್ ಮಾನಕದಲ್ಲಿದೆ. ಪಿಡಿಎಫ್ ಮಾಡುವ ತಂತ್ರಾಂಶ ಅದನ್ನು ಬರೆಯಬೇಕು, ತೆರೆಯುವ ತಂತ್ರಾಂಶ ಅದನ್ನು ಓದಬೇಕು. ಎರಡೂ ಕೂಡಿ ಬಂದರೆ ಮಾತ್ರ ‘ಕಾರ್ಯಕ್ರಮ’ ಸಿಗುತ್ತದೆ. ಆದ್ದರಿಂದ ಒಂದು ತಂತ್ರಾಂಶದಲ್ಲಿ ಸಿಗದ ಪದ ಇನ್ನೊಂದರಲ್ಲಿ ಸಿಗುವುದೂ ಉಂಟು.

ಹನುಮಂತನಗರದವರೇ, ಪ್ರಿಂಟ್ ಮೂಲಕ ಮಾಡುವುದರಲ್ಲಿ ನನಗಿರುವ ತಕರಾರು ಇಷ್ಟು: ಪ್ರಿಂಟರ್‌ಗೆ ಬೇಕಾದದ್ದು ಮಸಿ ಎಲ್ಲಿ ಬೀಳಬೇಕೆಂಬ ವಿವರ ಮಾತ್ರ. ಶೀರ್ಷಿಕೆ ಯಾವುದು, ಪರಿವಿಡಿಯ ಕೊಂಡಿ ಯಾವ ಪುಟಕ್ಕೆ, ಚಿತ್ರದ ವಿವರಣೆ ಏನು ಎಂಬುದನ್ನೆಲ್ಲ ಆ ದಾರಿಯಲ್ಲಿ ವರ್ಡ್ ಬಿಟ್ಟುಬಿಡುತ್ತದೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿದರೆ ಅವು ಉಳಿಯುತ್ತವೆ.

ಮಲ್ಲೇಶ್ವರದ ಕೇಳುಗ

ಸಂಚಿಕೆಯ ಒಳಗೆ ಏನಿದೆ ಎಂದು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ನಾನು ಉತ್ತರಿಸಬಹುದು. ನನಗೆ ದೃಷ್ಟಿಯಿಲ್ಲ, ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ನನಗೆ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ನೀವು ಪುಟದ ಮೇಲ್ಮೈಯನ್ನು ನೋಡುತ್ತೀರಿ; ನನಗೆ ಸಿಗುವುದು ಒಳಗಿನದು ಮಾತ್ರ. ಆಸ್ಕಿ ಫಾಂಟಿನ ಪಿಡಿಎಫ್ ತೆರೆದರೆ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳ ಹೆಸರುಗಳನ್ನೂ ಒಂದೇ ಉಸಿರಿನಲ್ಲಿ ಒದರುತ್ತದೆ. ‘ಕಾಯರ್ಕ್ರಮ’ವನ್ನು ಅದು ‘ಕಾಯರ್ಕ್ರಮ’ ಎಂದೇ ಓದುತ್ತದೆ; ಅದಕ್ಕೆ ನಾನು ಒಗ್ಗಿಕೊಂಡಿದ್ದೇನೆ, ‘ಸೂಯರ್’ ಎಂದರೆ ಸೂರ್ಯ ಎಂದು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತೇನೆ. ಪಠ್ಯವೇ ಇಲ್ಲದೆ ಸ್ಕ್ಯಾನ್ ಮಾಡಿದ ಚಿತ್ರವನ್ನು ಪಿಡಿಎಫ್ ಎಂದು ಕಳುಹಿಸಿದರೆ ಮೌನ.

ಮೇಷ್ಟ್ರು ಶೀರ್ಷಿಕೆಗಳನ್ನು ‘ದಪ್ಪ ಮಾಡಿ’ದೆ ಎಂದಿದ್ದಾರೆ. ದಯವಿಟ್ಟು ದಪ್ಪ ಮಾಡುವುದರ ಬದಲು ವರ್ಡ್‌ನ ಹೆಡಿಂಗ್ ಶೈಲಿಯನ್ನು ಕೊಡಿ. ಆಗ ನಾನು ಒಂದು ಕೀಲಿ ಒತ್ತಿ ಲೇಖನದಿಂದ ಲೇಖನಕ್ಕೆ ಹಾರಬಲ್ಲೆ. ಇಲ್ಲವಾದರೆ 22ನೆಯ ಲೇಖನಕ್ಕೆ ಹೋಗಲು ಮೊದಲ 21ನ್ನೂ ದಾಟಬೇಕು.

ಜ್ಞಾನಭಾರತಿ ಸಂಶೋಧಕಿ

ಯೂನಿಕೋಡ್‌ಗೆ ಪರಿವರ್ತಿಸಿ ಎಂದು ಹೇಳುವುದು ಸುಲಭ. ನನ್ನ ಪ್ರಬಂಧದ ಎರಡು ಅಧ್ಯಾಯಗಳು ಆಸ್ಕಿಯಲ್ಲಿದ್ದವು, ಪರಿವರ್ತಿಸಲು ಕುಳಿತಾಗ ಆದ ಪಾಡನ್ನು ಹೇಳಿದರೆ ಮೇಷ್ಟ್ರಿಗೆ ಉಪಯೋಗವಾದೀತು. ಪರಿವರ್ತಕಕ್ಕೆ ಪಠ್ಯವನ್ನು ಅಂಟಿಸಿದಾಗ ಅದಕ್ಕೆ ಫಾಂಟಿನ ಮಾಹಿತಿ ಹೋಗುವುದಿಲ್ಲ. ನಡುನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲೇ ಇದ್ದ ಪುಸ್ತಕದ ಹೆಸರು, ಜಾಲತಾಣದ ವಿಳಾಸ, ಉಲ್ಲೇಖಗಳನ್ನು ಕೂಡ ಅದು ಆಸ್ಕಿ ಕನ್ನಡವೆಂದು ಭಾವಿಸಿ, ಯಾವ ಭಾಷೆಯಲ್ಲೂ ಇಲ್ಲದ ಒತ್ತಕ್ಷರಗಳನ್ನು ಸೃಷ್ಟಿಸಿಬಿಟ್ಟಿತು. ಆಮೇಲೆ ನಾನು ಕಂಡುಕೊಂಡ ಉಪಾಯವೆಂದರೆ, ವರ್ಡ್‌ನ ಹುಡುಕುವ ಕಿಟಕಿಯಲ್ಲಿ ಪದವನ್ನು ಬರೆಯದೆ ಫಾಂಟನ್ನು ಮಾತ್ರ ಆರಿಸಿ ಹುಡುಕುವುದು. ಇಂಗ್ಲಿಷ್ ಫಾಂಟಿನಲ್ಲಿರುವ ತುಣುಕುಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಅವುಗಳಿಗೆ ಬಣ್ಣ ಹಚ್ಚಿಟ್ಟುಕೊಂಡು, ಕನ್ನಡ ಭಾಗಗಳನ್ನು ಮಾತ್ರ ಪರಿವರ್ತಿಸಬಹುದು. ನಿಧಾನದ ಕೆಲಸ, ಆದರೆ ಒಂದೇ ಸಲ ಮಾಡಿದರೆ ಸಾಕು. ನುಡಿಯ ಪರಿವರ್ತಕದಿಂದ ಬರಹದ ಆಸ್ಕಿ ಪಠ್ಯ ಸರಿಯಾಗಿ ಬರುತ್ತದೆಂದು ನಂಬಬೇಡಿ, ಲೇಖನದ ಮೂಲ ಯಾವುದೆಂದು ನೋಡಿ ತಕ್ಕ ಪರಿವರ್ತಕವನ್ನೇ ಬಳಸಿ.

ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ನೋಡಬೇಕಾದ ಇನ್ನೊಂದು ಜಾಗವಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೂ ವಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರಬೇಕು, ಇಲ್ಲದಿದ್ದರೆ ಅದು ‘ಸಾಫ್ಟ್ವೇರ್’ ಆಗಿ ವಕಾರ ಒತ್ತಾಗಿಬಿಡುತ್ತದೆ. ‘ರ‍್ಯಾಂಕ್’ ಪದಕ್ಕೂ ಇಂಥದೇ ಇನ್ನೊಂದು ಅಕ್ಷರ ಬೇಕು, ಇಲ್ಲದಿದ್ದರೆ ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ಪಿಡಿಎಫ್ ಆದ ಮೇಲೆ ಇವನ್ನು ತಿದ್ದುವುದು ಬಹಳ ಕಷ್ಟ. ಕಾಣದ ಅಕ್ಷರ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೆ ಹುಡುಕಾಟದಲ್ಲೂ ಒಂದು ಸಿಕ್ಕಿ ಇನ್ನೊಂದು ತಪ್ಪಬಹುದು.

ಹುಡುಕಾಟವನ್ನು ಯಾರು ಮಾಡುತ್ತಾರೆ ಎಂಬುದಕ್ಕೂ ಒಂದು ಮಾತು. ಇಂಥ ಬಡಾವಣೆಯ ಸಂಚಿಕೆಗಳು, ಶಾಲೆಗಳ ವಾರ್ಷಿಕ ಸಂಚಿಕೆಗಳು ನನ್ನ ಸಂಶೋಧನೆಗೆ ಮುಖ್ಯ ಆಕರಗಳು. ಕಳೆದ ವರ್ಷ ಒಂದು ಸಂಸ್ಥೆಯವರು ಪ್ರೀತಿಯಿಂದ ಹತ್ತು ವರ್ಷಗಳ ಸಂಚಿಕೆಗಳನ್ನು ಪಿಡಿಎಫ್‌ನಲ್ಲಿ ಕೊಟ್ಟರು. ಒಂದು ಕೆರೆಯ ಹೆಸರನ್ನು ಹುಡುಕಲು ನಾನು ಅಷ್ಟನ್ನೂ ಮೊದಲಿನಿಂದ ಕೊನೆಯವರೆಗೆ ಕಣ್ಣಿನಿಂದಲೇ ಓದಬೇಕಾಯಿತು.

ಹನುಮಂತನಗರ ಟೈಪಿಂಗ್

ಮಲ್ಲೇಶ್ವರದವರ ಮಾತು ಓದಿ ಸುಮ್ಮನಾದೆ. ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಹಾಗಾದರೆ ವರ್ಡ್‌ನಲ್ಲಿ ಯಾವುದನ್ನು ಒತ್ತಬೇಕು, ಯಾವುದನ್ನು ಬಿಡಬೇಕು ಎಂದು ಬಿಡಿಸಿ ಹೇಳಿ. ಅಂಗಡಿಯಲ್ಲಿ ನಾನೂ ಹಾಗೆಯೇ ಮಾಡುತ್ತೇನೆ. ಇನ್ನೊಂದು ಸಂಶಯ: ಗಿರಾಕಿಗಳು ‘ಯಾರೂ ತಿದ್ದದ ಹಾಗೆ ಪಿಡಿಎಫ್ ಮಾಡಿಕೊಡಿ’ ಎನ್ನುತ್ತಾರೆ. ಅದು ನಿಜವಾಗಿಯೂ ಸಾಧ್ಯವೇ?

ಜಯನಗರ ಲಿಬ್ರೆ

ಮೊದಲು ಕೊನೆಯ ಪ್ರಶ್ನೆ. ಪಿಡಿಎಫ್ ತಿದ್ದಲಾಗದ ಕಡತವೆಂಬುದು ಬರೀ ನಂಬಿಕೆ. 2013ರ ಆವೃತ್ತಿಯಿಂದ ಈಚೆಗೆ ವರ್ಡ್ ತಾನೇ ಪಿಡಿಎಫ್ ತೆರೆದು ತಿದ್ದಲು ಕೊಡುತ್ತದೆ. ತಿದ್ದಿದ್ದು ಗೊತ್ತಾಗಬೇಕೆಂದರೆ ಡಿಜಿಟಲ್ ಸಹಿಯೇ ಆಗಬೇಕು. ಕರಾರುಪತ್ರದ ಗಿರಾಕಿಗಳಿಗೆ ಇದನ್ನು ಹೇಳಿ.

ವರ್ಡ್‌ನಲ್ಲಿ ‘ಸೇವ್ ಆ್ಯಸ್’ ತೆರೆದು ಪಿಡಿಎಫ್ ಆರಿಸಿದಾಗ ಕೆಳಗೆ ‘ಆಪ್ಷನ್ಸ್’ ಎಂಬ ಗುಂಡಿ ಇರುತ್ತದೆ, ಅದನ್ನು ಹೆಚ್ಚಿನವರು ಒತ್ತುವುದೇ ಇಲ್ಲ. ಅದರಲ್ಲಿ ಹೆಡಿಂಗ್‌ಗಳಿಂದ ಬುಕ್‌ಮಾರ್ಕ್ ಮಾಡುವುದನ್ನೂ, ಓದುವ ತಂತ್ರಾಂಶಗಳಿಗೆ ಬೇಕಾದ ರಚನೆಯ ಟ್ಯಾಗ್‌ಗಳನ್ನೂ ಗುರುತು ಹಾಕಿ. ಬಹುಕಾಲ ಉಳಿಸಿಡುವ ಕಡತವಾದರೆ ಪಿಡಿಎಫ್/ಎ ಎಂಬುದನ್ನೂ ಗುರುತಿಸಿ. ಅದು 2005ರಲ್ಲಿ ಬಂದ ದಾಖಲೆ ಸಂರಕ್ಷಣೆಯ ಮಾನಕ, ಎಲ್ಲ ಫಾಂಟುಗಳೂ ಒಳಗೇ ಇರಬೇಕೆಂದು ಕಡ್ಡಾಯ ಮಾಡುತ್ತದೆ. ಅಲ್ಲೇ ಇನ್ನೊಂದು ಸಾಲಿದೆ: ಫಾಂಟನ್ನು ಒಳಗಿಡಲು ಅನುಮತಿ ಇಲ್ಲದಿದ್ದರೆ ಪಠ್ಯವನ್ನು ಚಿತ್ರವಾಗಿಸು ಎಂಬುದು. ಕೆಲವು ಮಾರಾಟದ ಫಾಂಟುಗಳನ್ನು ತಯಾರಿಸಿದವರೇ ಹಾಗೆ ಬೀಗ ಹಾಕಿರುತ್ತಾರೆ. ಆಗ ಅಕ್ಷರಗಳು ಚಿತ್ರವಾಗಿ, ಹುಡುಕಾಟವೂ ಓದುವುದೂ ಎರಡೂ ಹೋಗುತ್ತವೆ. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳಲ್ಲಿ ಈ ಕಾಟವಿಲ್ಲ.

ವರ್ಡ್ ಥರದ್ದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ‘ಎಕ್ಸ್‌ಪೋರ್ಟ್’ ಕಿಟಕಿಯಲ್ಲೇ ಇವೆಲ್ಲ ಇವೆ, ಜೊತೆಗೆ ನನಗೆ ಬಹಳ ಇಷ್ಟವಾದ ಒಂದು ಸೌಲಭ್ಯವೂ ಇದೆ. ‘ಹೈಬ್ರಿಡ್ ಪಿಡಿಎಫ್’ ಎಂದು ಗುರುತಿಸಿದರೆ ಮೂಲ ಕಡತವೇ ಪಿಡಿಎಫ್‌ನ ಒಳಗೆ ಅಡಗಿ ಕೂರುತ್ತದೆ. ಓದುವವರಿಗೆ ಅದು ಮಾಮೂಲಿ ಪಿಡಿಎಫ್, ಮುಂದಿನ ವರ್ಷದ ಸಂಪಾದಕರು ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಿದ್ದಬಹುದಾದ ದಸ್ತಾವೇಜು. ಚಿತ್ರಗಳು ಹೆಚ್ಚಿದ್ದು ಕಡತ ಭಾರವಾದರೆ, ಆ ಕಿಟಕಿಯಲ್ಲೇ ಚಿತ್ರದ ಗುಣಮಟ್ಟ ಇಳಿಸಬಹುದು. ವಾಟ್ಸ್‌ಆ್ಯಪ್‌ಗೆ 150 ಡಿಪಿಐ (ಇಂಚಿಗೆ 150 ಚುಕ್ಕಿ) ಸಾಕು, ಮುದ್ರಣಕ್ಕೆ 300 ಇರಲಿ.

ಕಳುಹಿಸುವ ಮೊದಲು ಎರಡು ಕಡೆ ಇಣುಕಿ ನೋಡಿ. ಒಂದು, ತಿದ್ದುಪಡಿ ಗುರುತುಗಳು ಮತ್ತು ಟಿಪ್ಪಣಿಗಳು. ಅವನ್ನು ಒಪ್ಪಿ ಅಳಿಸದೆ ಪಿಡಿಎಫ್ ಮಾಡಿದರೆ ‘ಈ ಪ್ಯಾರಾ ತೀರಾ ಬಾಲಿಶ’ ಎಂದು ನೀವು ಬದಿಯಲ್ಲಿ ಬರೆದದ್ದು ಲೇಖಕರ ಕೈಗೇ ಸೇರೀತು. ಇನ್ನೊಂದು, ಕಡತದ ಗುಣಲಕ್ಷಣಗಳಲ್ಲಿರುವ ಶೀರ್ಷಿಕೆ ಮತ್ತು ಕರ್ತೃವಿನ ಹೆಸರು. ಹಳೆಯ ಕಡತವನ್ನೇ ಅಳಿಸಿ ಬರೆದಿದ್ದರೆ ಹಿಂದಿನ ಶೀರ್ಷಿಕೆ ಹಾಗೆಯೇ ಉಳಿದಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಲೆಕ್ಕಪತ್ರವನ್ನು ಬ್ರೌಸರ್‌ನಲ್ಲಿ ತೆರೆದಾಗ ಮೇಲುಪಟ್ಟಿಯಲ್ಲಿ ‘ಲಗ್ನಪತ್ರಿಕೆ’ ಎಂದು ಕಾಣಿಸಿ, ಸಭೆಯಲ್ಲಿ ಲೆಕ್ಕಕ್ಕಿಂತ ಅದರ ಚರ್ಚೆಯೇ ಹೆಚ್ಚಾಯಿತು.

ಸುಲ್ತಾನ್‌ಪೇಟೆ ಡಿಟಿಪಿ

ಎಲ್ಲರೂ ಆಸ್ಕಿಯನ್ನು ದೂರುತ್ತಿರುವುದರಿಂದ ಮುದ್ರಣದವರ ಕಡೆಯ ಮಾತನ್ನೂ ಹೇಳುತ್ತೇನೆ. ನಾವು ಪುಟ ಕಟ್ಟಲು ಕಲಿತದ್ದು ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದು ಕನ್ನಡದ ಯೂನಿಕೋಡ್ ಒತ್ತಕ್ಷರಗಳನ್ನು ಜೋಡಿಸಲಾರದು. ಅಡೋಬಿಯದೇ ಇನ್ನೊಂದು ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳ ಬೆಂಬಲ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಲ್ಲಿಯ ತನಕ ಯೂನಿಕೋಡ್ ತಂದುಕೊಟ್ಟವರಿಗೆ ನಾವೇ ‘ನುಡಿಗೆ ಬದಲಾಯಿಸಿ ಕೊಡಿ’ ಎನ್ನುತ್ತಿದ್ದೆವು, ಬೇರೆ ದಾರಿ ಇರಲಿಲ್ಲ. ಇಂದಿಗೂ ಹಾಗೆನ್ನುವ ಅಂಗಡಿಗಳಿವೆ, ಅದಕ್ಕೆ ಕಾರಣ ತಂತ್ರಾಂಶಕ್ಕಿಂತ ಕೈಗೆ ಅಂಟಿದ ರೂಢಿ ಮತ್ತು ಹತ್ತಿಪ್ಪತ್ತು ವರ್ಷಗಳಿಂದ ಕೂಡಿಟ್ಟ ಫಾಂಟುಗಳ ಅಂದ.

ಮೇಷ್ಟ್ರೇ, ಸಂಚಿಕೆಯನ್ನು ಅಚ್ಚಿಗೂ ಕೊಡುವುದಾದರೆ ವರ್ಡ್ ಕಡತ ತರಬೇಡಿ, ಪಿಡಿಎಫ್ ತನ್ನಿ. ಪುಟದ ಅಳತೆ ಎ4, ಅಂದರೆ 210ಕ್ಕೆ 297 ಮಿಲಿಮೀಟರ್ ಇದೆಯೇ ನೋಡಿ. ಎಷ್ಟೋ ವರ್ಡ್ ಕಡತಗಳು ಅಮೆರಿಕದ ಲೆಟರ್ ಅಳತೆಯಲ್ಲೇ ಇರುತ್ತವೆ, ನಮ್ಮಲ್ಲಿ ಬಂದ ಮೇಲೆ ಕುಗ್ಗಿಸಿದರೆ ಅಂಚು ಏರುಪೇರಾಗುತ್ತದೆ. ಮುಖಪುಟದ ಬಣ್ಣ ಅಂಚಿನವರೆಗೂ ಬರಬೇಕಿದ್ದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಕತ್ತರಿಸುವಾಗ ಬಿಳಿ ಗೆರೆ ಉಳಿಯಬಾರದಲ್ಲ. ವರ್ಡ್ ಕೊಡುವ ಬಣ್ಣಗಳು ಪರದೆಯವು. ಅವನ್ನು ನಾಲ್ಕು ಮಸಿಗಳಿಗೆ ಬದಲಾಯಿಸುವಾಗ ಕಪ್ಪು ಅಕ್ಷರಗಳು ನಾಲ್ಕೂ ಮಸಿಯಲ್ಲಿ ಬಿದ್ದು ಅಂಚು ಮಸುಕಾಗುವುದುಂಟು. ಅದನ್ನು ನಮಗೆ ಬಿಡಿ, ನಾವು ಸರಿಮಾಡುತ್ತೇವೆ. ಪಿಡಿಎಫ್ ತೆರೆದು ಗುಣಲಕ್ಷಣಗಳ ಫಾಂಟ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ (ಕಡತದೊಳಗೇ ಇದೆ) ಎಂದಿದ್ದರೆ ಸಾಕು. ಒಂದು ಫಾಂಟು ತಪ್ಪಿದ್ದರೂ ನಮ್ಮ ಯಂತ್ರದಲ್ಲಿ ಇನ್ನಾವುದೋ ಅಕ್ಷರ ಬಂದು ಕೂರುತ್ತದೆ, ಅದು ಗೊತ್ತಾಗುವುದು ಸಾವಿರ ಪ್ರತಿ ಅಚ್ಚಾದ ಮೇಲೆ.

ಬಸವನಗುಡಿ ಮೇಷ್ಟ್ರು

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಮನ್ನಿಸಬೇಕು. ಹದಿನಾಲ್ಕು ಲೇಖನಗಳು ಆಸ್ಕಿಯಲ್ಲಿದ್ದವು. ಮೇಡಂ ಹೇಳಿದಂತೆ ಇಂಗ್ಲಿಷ್ ತುಣುಕುಗಳಿಗೆ ಹಳದಿ ಬಣ್ಣ ಹಚ್ಚಿಟ್ಟು, ಉಳಿದದ್ದನ್ನು ಪರಿವರ್ತಿಸಿ, ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಪರಿವರ್ತಕ ತಪ್ಪಿದ್ದಕ್ಕಿಂತ ಬೆರಳಚ್ಚಿನವರು ಮೊದಲೇ ತಪ್ಪಿದ್ದೇ ಹೆಚ್ಚಾಗಿ ಸಿಕ್ಕಿತು: ಆಸ್ಕಿಯಲ್ಲಿ ಸೊನ್ನೆಯ ಅಂಕಿಯನ್ನೇ ಅನುಸ್ವಾರವಾಗಿ ಒತ್ತಿದ್ದ ಜಾಗಗಳು ಹಲವು, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶೀರ್ಷಿಕೆಗಳಿಗೆಲ್ಲ ಹೆಡಿಂಗ್ ಶೈಲಿ ಕೊಟ್ಟೆ. ಹಾಗೆ ಮಾಡಿದ ಮೇಲೆ ಪರಿವಿಡಿಯನ್ನು ವರ್ಡ್ ತಾನೇ ಕಟ್ಟಿಕೊಟ್ಟಿತು. ಇಷ್ಟು ವರ್ಷ ಪುಟಸಂಖ್ಯೆಗಳನ್ನು ಕೈಯಲ್ಲಿ ಬರೆದದ್ದು ನೆನೆದು ನಗು ಬಂತು.

ವರ್ಡ್‌ನಿಂದ ಒಂದು, ಲಿಬ್ರೆಆಫೀಸ್‌ನಿಂದ ಒಂದು ಪಿಡಿಎಫ್ ಮಾಡಿ, ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಮತ್ತು ಫೋನಿನಲ್ಲಿ ಪರೀಕ್ಷಿಸಿದೆ. ಲ್ಯಾಪ್‌ಟಾಪಿನಲ್ಲಿ ಎರಡನೆಯದರಿಂದ ನಕಲಿಸಿದ ಸಾಲು ‘ಕಾರ್ಯಕ್ರಮ’ ಎಂದೇ ಬಂದಿತು. ಫೋನಿನ ಒಂದು ಓದುಗ ತಂತ್ರಾಂಶದಲ್ಲಿ ಮಾತ್ರ ಅದೇ ಕಡತ ಇನ್ನೂ ‘ಕಾಯರ್ಕ್ರಮ’ ಎನ್ನುತ್ತಿದೆ. ಮಲ್ಲೇಶ್ವರದವರಿಗೆ ಕಡತವನ್ನು ಕಳುಹಿಸಬಹುದೇ? ಗುಂಪಿಗೆ ಹಾಕುವ ಮೊದಲು ತಾವು ಒಮ್ಮೆ ಕೇಳಿ ಹೇಳಿದರೆ ನನಗೆ ಸಮಾಧಾನ.

ಮಲ್ಲೇಶ್ವರದ ಕೇಳುಗ

ಕಳುಹಿಸಿ ಮೇಷ್ಟ್ರೇ. ಪಿಡಿಎಫ್ ಜೊತೆಗೆ ಆ ವರ್ಡ್ ಕಡತವನ್ನೂ ಕಳುಹಿಸಿ; ಈಗ ಅದು ಯೂನಿಕೋಡ್ ಆಗಿರುವುದರಿಂದ ನನಗೆ ಅದರಲ್ಲಿ ಪುಟ 48 ಆದರೇನು, 53 ಆದರೇನು.

ಬಸವನಗುಡಿ ಮೇಷ್ಟ್ರು

ಎರಡನ್ನೂ ಈಗಷ್ಟೇ ಕಳುಹಿಸಿದೆ. ಏಳನೆಯ ಲೇಖನದಲ್ಲಿ ಎರಡು ಚಿತ್ರಗಳಿಗೆ ವಿವರಣೆ ಬರೆಯುವುದು ಬಾಕಿಯಿದೆ, ಇಂದು ರಾತ್ರಿ ಬರೆದು ಹೊಸ ಪ್ರತಿ ಕಳುಹಿಸುತ್ತೇನೆ.